ಈ ಮಾಧ್ಯಮದಲ್ಲಿ ಬೆಳೆಯಲಿಲ್ಲ

ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಹೆಸರು ಮಾಡಿದವರನ್ನು ನೆನೆಯಲು ಹೊರಟರೆ, ರೋಗಾಣುವನ್ನು ಕಂಡುಹಿಡಿದವರು, ಅದಕ್ಕೆ ಮದ್ದು ಹುಡುಕಿದವರು, ಅದರ ಮೇಲೆ ಪ್ರಬಂಧ ಬರೆದು ಪದವಿ ಪಡೆದವರು, ಎಲ್ಲರೂ ಸಾಲಾಗಿ ಬಂದು ನಿಲ್ಲುತ್ತಾರೆ. ಆ ರೋಗಾಣುವಿಗೆ ದಿನವೂ ಬೇಯಿಸಿ ಬಡಿಸಿದವರ ಹೆಸರು ಮಾತ್ರ ಯಾರ ಬಾಯಿಗೂ ಬರುವುದಿಲ್ಲ. ಮನುಷ್ಯನ ಮೂತ್ರದಲ್ಲಿ ಅಡಗಿ ಕುಳಿತ ಬ್ಯಾಕ್ಟೀರಿಯ ನಮ್ಮ ಕಣ್ಣಿಗೆ ಬೀಳಬೇಕಾದರೆ ಅದು ಮೊದಲು ಹೊಟ್ಟೆತುಂಬ ತಿನ್ನಬೇಕು, ಒಂದಿದ್ದದ್ದು ಕೋಟಿಯಾಗಬೇಕು, ಸಾಸಿವೆಯಷ್ಟಾದರೂ ಗಾತ್ರದ ಗುಂಪು ಕಟ್ಟಬೇಕು. ಅದಕ್ಕಾಗಿ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿ ಇಡುವ ಆಹಾರಕ್ಕೆ ಪುಸ್ತಕದಲ್ಲಿ ಕೃಷಿ ಮಾಧ್ಯಮ ಎಂದು ಹೆಸರು. ಪ್ರಯೋಗಾಲಯದವರು ಮೀಡಿಯಾ ಎನ್ನುತ್ತಾರೆ. ನಮ್ಮ ಆಸ್ಪತ್ರೆಯಲ್ಲಿ ಆ ಅಡುಗೆಯನ್ನು ಮೂರು ದಶಕಗಳಿಗೂ ಮಿಕ್ಕಿ ನಡೆಸಿ, ಈಚೆಗೆ ನಿವೃತ್ತರಾದ ಹಿರಿಯ ತಂತ್ರಜ್ಞೆಯ ಗೌರವಾರ್ಥ ಈ ಸಂಪುಟ ಹೊರಬರುತ್ತಿದೆ. ಕಡಲಪಾಚಿಯಿಂದ ತೆಗೆದ ಅಗರ್ ಎಂಬ ಪುಡಿಯೇ ಅವರ ಬದುಕಾಗಿದ್ದರಿಂದ, ಮುಖ್ಯಸ್ಥರಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರಿಗೂ ಅವರು ಅಗರಕ್ಕ.

ಅವರ ಸೇವೆ, ಸಾಧನೆ ಮತ್ತು ಸರಳತೆ ಕುರಿತು ಬರೆಯಬೇಕೆಂದು ಸಂಪಾದಕ ಮಂಡಳಿ ಸೂಚಿಸಿದೆ. ಸೇವೆಯ ಬಗ್ಗೆ ಎಷ್ಟು ಬೇಕಾದರೂ ಬರೆಯಬಹುದು. ಸಾಧನೆ ಎಂಬ ಮಾತು ಬಂದಾಗ ಕೈ ಹಿಂಜರಿಯುತ್ತದೆ, ಏಕೆಂದರೆ ಅವರು ತಮ್ಮ ಜೀವಮಾನದಲ್ಲಿ ಸಾಧಿಸಬೇಕೆಂದು ಹಟ ಹಿಡಿದದ್ದು ಒಂದೇ ಒಂದನ್ನು, ಮತ್ತು ಅದು ಅವರ ಕಣ್ಣೆದುರೇ ಅಳಿಸಿಹೋಯಿತು. ಅದನ್ನು ಮುಚ್ಚಿಟ್ಟು, ಶಾಲು ಹೊದಿಸಿದ ಫೋಟೊ ಹಾಕಿ, ನಾಲ್ಕು ಒಳ್ಳೆಯ ಮಾತಾಡಿ ಮುಗಿಸುವುದು ಸುಲಭವಿತ್ತು. ಅಗರಕ್ಕನ ಮುಖ ನೋಡಿದವರಿಗೆ ಅದು ಆಗದ ಕೆಲಸ.

ಅವರು ಕೆಲಸಕ್ಕೆ ಸೇರಿದಾಗ ಮೀಡಿಯಾ ಕೋಣೆ ಕಟ್ಟಡದ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ವಿಭಾಗಕ್ಕೂ ಜನರೇಟರಿಗೂ ನಡುವೆ ಸಿಕ್ಕಿಹಾಕಿಕೊಂಡಿತ್ತು. ಒಂದು ಕಲ್ಲಿನ ಕಟ್ಟೆ, ಒಂದು ತಕ್ಕಡಿ, ಹಬೆಯ ಒತ್ತಡದಲ್ಲಿ ಎಲ್ಲವನ್ನೂ ಕ್ರಿಮಿಶುದ್ಧ ಮಾಡುವ ಆಟೋಕ್ಲೇವ್ ಎಂಬ ದೈತ್ಯ ಕುಕ್ಕರ್, ಗೋಡೆಗೆ ಆನಿಸಿ ನಿಲ್ಲಿಸಿದ ಎರಡು ತಣ್ಣನೆಯ ಕಪಾಟು, ಇಷ್ಟೇ ಆಸ್ತಿ. ಒಳಗೆ ಕಾಲಿಟ್ಟರೆ ಮಾಂಸದ ಸಾರು ಸೀದಂಥ ವಾಸನೆ. ಮೊದಲ ವಾರ ಅವರು ಮಧ್ಯಾಹ್ನದ ಡಬ್ಬಿ ಬಿಚ್ಚಲೇ ಇಲ್ಲವಂತೆ. ಕೆಲವು ತಿಂಗಳಾದ ಮೇಲೆ ಆ ವಾಸನೆ ತಮ್ಮ ಜಡೆಗೂ ಹತ್ತಿಕೊಂಡಿದೆಯೆಂದು ಗೊತ್ತಾಗಿ, ಬಸ್ಸಿನಲ್ಲಿ ಪಕ್ಕದ ಸೀಟು ಯಾವಾಗಲೂ ಖಾಲಿ ಸಿಗುವ ರಹಸ್ಯ ತಿಳಿಯಿತೆಂದು ಅವರೇ ಹೇಳಿ ನಗುತ್ತಿದ್ದರು.

ಪುಡಿಯನ್ನು ತೂಗಿ, ಶುದ್ಧ ನೀರಿಗೆ ಹಾಕಿ, ಗಂಟಾಗದಂತೆ ಕರಗಿಸಿ, ಹುಳಿ-ಕ್ಷಾರ ಸರಿನೋಡಿ, ಕುಕ್ಕರಿಗೆ ಏರಿಸಿ ಇಳಿಸುವುದನ್ನು ಯಾರು ಬೇಕಾದರೂ ಪುಸ್ತಕ ನೋಡಿ ಕಲಿಯಬಹುದು. ಇಳಿಸಿದ ಮೇಲೆ ಅದನ್ನು ತಟ್ಟೆಗೆ ಹೊಯ್ಯುವ ಹದವೊಂದಿದೆ. ತೀರ ಬಿಸಿಯಿದ್ದರೆ ಮುಚ್ಚಳದ ಒಳಗೆ ನೀರು ಕಟ್ಟಿ, ಅದು ತೊಟ್ಟಿಕ್ಕಿ, ಬೆಳೆದದ್ದೆಲ್ಲ ಒಂದರೊಳಗೊಂದು ಕಲೆಸಿಹೋಗುತ್ತದೆ. ತೀರ ಆರಿದರೆ ಫ್ಲಾಸ್ಕಿನಲ್ಲೇ ಗಡ್ಡೆಯಾಗುತ್ತದೆ. ಅಗರಕ್ಕ ಬಿಸಿ ಫ್ಲಾಸ್ಕನ್ನು ಬಟ್ಟೆಯಲ್ಲಿ ಹಿಡಿದು ಕೆನ್ನೆಯ ಹತ್ತಿರ ತಂದು, ಕಣ್ಣು ಮುಚ್ಚಿ, ಒಂದು ಗಳಿಗೆ ನಿಂತು ಹದ ನೋಡುತ್ತಿದ್ದರು. ಹೊಯ್ದ ತಟ್ಟೆಗಳಲ್ಲಿ ಕೆಲವನ್ನು ಏನೂ ಹಾಕದೆ ಖಾಲಿಯಾಗಿಯೇ ಬೆಚ್ಚಗಿಟ್ಟು, ಮರುದಿನ ಅವು ಖಾಲಿಯಾಗಿಯೇ ಉಳಿದಿದ್ದರೆ ಮಾತ್ರ ಉಳಿದವನ್ನು ಹೊರಗೆ ಕೊಡುತ್ತಿದ್ದರು. ಎಷ್ಟೇ ಅವಸರವಿರಲಿ, ಯಾರೇ ಗದರಲಿ, ಆ ಪರೀಕ್ಷೆ ಮುಗಿಯದೆ ಒಂದು ತಟ್ಟೆಯೂ ಕೋಣೆಯ ಬಾಗಿಲು ದಾಟುತ್ತಿರಲಿಲ್ಲ.

ಮೂತ್ರದ ಪರೀಕ್ಷೆಗೆ ಅವರು ತಯಾರಿಸುತ್ತಿದ್ದ ಸಿ.ಎಲ್.ಇ.ಡಿ. ಎಂಬ ಮಾಧ್ಯಮದ ತಟ್ಟೆಗಳನ್ನು ನೋಡುವುದೇ ಒಂದು ಸೊಗಸು. ಅದು ತಿಳಿಯಾದ ನೀಲಿಹಸಿರು. ಹಾಲಿನ ಸಕ್ಕರೆಯನ್ನು ಹುಳಿಸಬಲ್ಲ ಬ್ಯಾಕ್ಟೀರಿಯ ಅದರ ಮೇಲೆ ಬಿದ್ದರೆ ಮರುಬೆಳಿಗ್ಗೆ ತಟ್ಟೆ ಹಳದಿಗೆ ತಿರುಗಿರುತ್ತದೆ; ಹುಳಿಸಲಾರದ್ದು ಬಿದ್ದರೆ ನೀಲಿ ನೀಲಿಯಾಗಿಯೇ ಉಳಿಯುತ್ತದೆ. ರಕ್ತ ಬೆರೆಸಿದ ಮಾಧ್ಯಮದ ತಟ್ಟೆಯ ಮೇಲಾದರೆ ಅಲೆಅಲೆಯಾಗಿ ಹರಿದಾಡಿ ಬೇರೆಲ್ಲವನ್ನೂ ಮುಚ್ಚಿಹಾಕುವ ಪ್ರೋಟಿಯಸ್ ಎಂಬ ಪುಂಡ ಕೂಡ, ಉಪ್ಪಿನಂಶ ಕಡಿಮೆಯಿರುವ ಈ ತಟ್ಟೆಯ ಮೇಲೆ ತೆಪ್ಪಗೆ ಕೂತಲ್ಲೇ ಕೂರುತ್ತದೆ. ಹೊಸಬರಿಗೆ ಪಾಠ ಹೇಳುವಾಗ ಅಗರಕ್ಕ ಅವುಗಳನ್ನು ಮನೆಗೆ ಬಂದ ನೆಂಟರಂತೆ ಪರಿಚಯಿಸುತ್ತಿದ್ದರು. ಇವನಿಗೆ ಸಿಹಿ ಇಷ್ಟ, ಇವಳು ಏನು ಕೊಟ್ಟರೂ ತಿಂತಾಳೆ, ಇವನು ಕೂತ ಕಡೆ ಕೂರಲ್ಲ, ಅದಕ್ಕೇ ಉಪ್ಪು ಕಡಿಮೆ ಹಾಕಿದೀನಿ ಎಂದು.

ಅವರ ಔದಾರ್ಯವನ್ನು ಕಂಡವರು ಈ ಸಂಪುಟದಲ್ಲೇ ಹಲವರಿದ್ದಾರೆ. ರೋಗಿಯ ಗುರುತನ್ನು ತಟ್ಟೆಯ ತಳಕ್ಕೆ ಬರೆಯಬೇಕು, ಮುಚ್ಚಳಕ್ಕೆ ಬರೆಯಕೂಡದು ಎಂಬುದು ನಮ್ಮ ವೃತ್ತಿಯ ಮೊದಲ ಅಕ್ಷರ. ಮುಚ್ಚಳ ಅದಲುಬದಲಾದರೆ ಯಾರ ರೋಗ ಯಾರ ತಲೆಗೋ ಬೀಳುತ್ತದೆ. ಹೊಸದಾಗಿ ಸೇರಿದ ತಂತ್ರಜ್ಞೆಯೊಬ್ಬಳು ಗಾಬರಿಯಲ್ಲಿ ಎಲ್ಲವನ್ನೂ ಮುಚ್ಚಳದ ಮೇಲೆ ಬರೆದಳು. ಬೆಳಿಗ್ಗೆ ತಟ್ಟೆಗಳ ಗೋಪುರ ಕೈಜಾರಿ ಬಿತ್ತು. ಆ ದಿನದ ಪರೀಕ್ಷೆಗಳೆಲ್ಲ ನೀರಿನಲ್ಲಿ ಹೋಮವಾದವು. ಹುಡುಗಿ ಆಟೋಕ್ಲೇವಿನ ಹಿಂದೆ ನಿಂತು ಅಳುತ್ತಿದ್ದಾಗ, ಅಗರಕ್ಕ ಕೌಂಟರಿಗೆ ಹೋಗಿ, ಕಾದು ಕೂತಿದ್ದ ಒಬ್ಬೊಬ್ಬರನ್ನೂ ಕರೆದು, "ಮೀಡಿಯಾ ಸರಿಯಾಗಿ ಬಂದಿಲ್ಲ, ತಪ್ಪು ನನ್ನದು, ಇನ್ನೊಂದು ಸಲ ಮಾದರಿ ಕೊಡಿ" ಎಂದು ಕೈಮುಗಿದರು. ತಮ್ಮ ಮೀಡಿಯಾದ ಬಗ್ಗೆ ಯಾರು ಒಂದು ಮಾತಾಡಿದರೂ ಸಿಡುಕುತ್ತಿದ್ದ ಹೆಂಗಸು ಅಂದು ಅದನ್ನೇ ದೂರಿದ್ದರು. ಆ ಹುಡುಗಿ ಇಂದು ಇನ್ನೊಂದು ಆಸ್ಪತ್ರೆಯ ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದಾಳೆ.

ಅಗರಕ್ಕನಿಗೆ ಜಂಬವಿತ್ತೆ ಎಂದು ಕೇಳಿದರೆ, ಇತ್ತು. ತಮ್ಮ ತಟ್ಟೆಯ ವಿಷಯದಲ್ಲಿ ಹೊಟ್ಟೆತುಂಬ ಇತ್ತು, ಮತ್ತು ಅದಕ್ಕೆ ಅವರು ಅರ್ಹರೂ ಆಗಿದ್ದರು. ಬೇರೆ ಕಡೆ ಬೆಳೆಯದ್ದು ನಮ್ಮಲ್ಲಿ ಬೆಳೆಯುತ್ತದೆಂದು ಸುತ್ತಲಿನ ಡಾಕ್ಟರುಗಳು ಮಾದರಿ ಕಳಿಸುತ್ತಿದ್ದ ಕಾಲವದು. ಯಾರಾದರೂ ಫಲಿತಾಂಶದ ಬಗ್ಗೆ ಅನುಮಾನ ತೆಗೆದರೆ ಅವರದು ಒಂದೇ ಮಾತು: "ನನ್ನ ತಟ್ಟೇಲಿ ಬೆಳೀಲಿಲ್ಲ ಅಂದ್ರೆ, ಅದು ಇಲ್ಲ ಅಂತಲೇ." ಆಗೆಲ್ಲ ಫಲಿತಾಂಶದ ಹಾಳೆಯ ಮೇಲೆ 'ಬೆಳವಣಿಗೆ ಇಲ್ಲ' ಎಂದು ಬರೆದು ಕೊಡುವ ರೂಢಿ. ಓದಿದವರು ಅದನ್ನು 'ಏನೂ ಇಲ್ಲ' ಎಂದು ಓದಿಕೊಂಡು, ಮನೆಯಲ್ಲಿ ಕಾಯುತ್ತಿದ್ದವರಿಗೆ ಫೋನು ಮಾಡಿ, ಹಗುರಾಗಿ ಮೆಟ್ಟಿಲಿಳಿದು ಹೋಗುತ್ತಿದ್ದರು. ಅದರಲ್ಲಿ ತಪ್ಪೇನಿದೆಯೆಂದು ನಮ್ಮಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ಅಗರಕ್ಕನಿಗೆ ಒಬ್ಬಳೇ ತಂಗಿ. ತಾಯಿ ಬೇಗ ತೀರಿಕೊಂಡದ್ದರಿಂದ ಅಕ್ಕನೇ ತಲೆ ಬಾಚಿ, ಊಟದ ಡಬ್ಬಿ ಕಟ್ಟಿ, ಬೈದು ಮುದ್ದಿಸಿ ದೊಡ್ಡವಳನ್ನಾಗಿ ಮಾಡಿದ ಹುಡುಗಿ. ದರ್ಜಿಯಾಗಿ, ಆಸ್ಪತ್ರೆಯಿಂದ ಕೂಗಳತೆಯ ದೂರದಲ್ಲಿ ಅಂಗಡಿ ಇಟ್ಟು, ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಮದುವೆಯಾಗಿ ಬೇರೆ ಮನೆ ಮಾಡಿದ ಮೇಲೂ ಸಂಜೆ ಅಕ್ಕನ ಜೊತೆ ಒಂದು ಲೋಟ ಚಹಾ ಕುಡಿಯದೆ ಅಂಗಡಿಯ ಬಾಗಿಲು ಹಾಕಿದವಳಲ್ಲ. ನಮ್ಮ ಬಿಳಿ ಕೋಟುಗಳ ಕಿತ್ತುಹೋದ ಜೇಬುಗಳನ್ನು ಪುಕ್ಕಟೆಯಾಗಿ ಹೊಲಿದುಕೊಟ್ಟು, "ನಮ್ಮಕ್ಕ ನನಗೆ ಜಗತ್ತಿನ ರೋಗವೆಲ್ಲ ತೋರ್ಸಿದಾಳೆ, ನೀವು ಜೇಬಲ್ಲಿ ಏನೇನು ತಂದ್ರೋ" ಎಂದು ನಗಿಸುತ್ತಿದ್ದ ಹೆಂಗಸು.

ಆಕೆಗೆ ಉರಿಮೂತ್ರ ಶುರುವಾಯಿತು. ಪದೇ ಪದೇ ಹೋಗಬೇಕೆನ್ನಿಸುವುದು, ಸಂಜೆಗೆ ಮೈ ಸ್ವಲ್ಪ ಬೆಚ್ಚಗಾಗುವುದು, ಸೊಂಟದ ಒಂದು ಬದಿಯಲ್ಲಿ ಎಳೆದ ಹಾಗೆ. ಮಾದರಿ ಬಂದದ್ದು ಅಕ್ಕನ ಪ್ರಯೋಗಾಲಯಕ್ಕೇ. ಅಗರಕ್ಕ ತಂಗಿಗೆಂದು ಅಂದು ಬೆಳಿಗ್ಗೆಯಷ್ಟೇ ಪರೀಕ್ಷೆ ಮುಗಿದ ತಾಜಾ ತಟ್ಟೆಗಳನ್ನು ತೆಗೆದಿಟ್ಟು, ತಾವೇ ಮಾದರಿಯನ್ನು ಅವುಗಳ ಮೇಲೆ ಸವರಿದರು. ಮರುದಿನ ತಟ್ಟೆ ನೀಲಿಯಾಗಿ, ನಯವಾಗಿ, ಹೊಯ್ದಾಗ ಹೇಗಿತ್ತೋ ಹಾಗೇ ಇತ್ತು. ಸಂಜೆ ತಂಗಿ ಚಹಾದ ಲೋಟ ಹಿಡಿದು ಕೇಳಿದಳು.

"ಏನಾದ್ರೂ ಬೆಳೀತಾ ಅಕ್ಕಾ?"

"ಏನೂ ಇಲ್ಲ ಕಣೇ. ತೊಳೆದಿಟ್ಟ ಹಾಗಿದೆ."

"ಹಾಗಾದ್ರೆ ಉರಿ ಯಾಕೆ?"

"ನೀನು ನೀರು ಕುಡಿಯಲ್ಲ. ಮೆಷಿನ್ ಮುಂದೆ ಕೂತ್ರೆ ಬೆಂಕಿ ಬಿದ್ರೂ ಏಳಲ್ಲ. ಇನ್ನೇನಾಗುತ್ತೆ?"

ತಂಗಿ ನೀರು ಕುಡಿದಳು. ಔಷಧಿ ಅಂಗಡಿಯವರು ಕೊಟ್ಟ ಮಾತ್ರೆ ನುಂಗಿದಳು. ಕಡಿಮೆಯಾದಂತಾಗಿ ಮತ್ತೆ ಬಂತು. ಎರಡನೆಯ ಸಲ ತಟ್ಟೆಗೆ ಹಾಕಿದಾಗಲೂ ನೀಲಿ. ಮೂತ್ರದಲ್ಲಿ ಕೀವಿನ ಕಣ ತುಂಬಿವೆಯೆಂದು ಸೂಕ್ಷ್ಮದರ್ಶಕದ ಮೇಜಿನವರು ಬೇರೊಂದು ಹಾಳೆಯಲ್ಲಿ ಬರೆದಿದ್ದರು. ಮಾತ್ರೆ ತಿಂದಿದ್ದಾಳೆ, ಅದಕ್ಕೇ ಬೆಳೆಯುತ್ತಿಲ್ಲ ಎಂದು ಅಗರಕ್ಕ ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಮಾತ್ರೆ ಬಿಡಿಸಿ ಕೆಲವು ದಿನ ಕಳೆದು ಮತ್ತೆ ಹಾಕಿದರು. ಆಗಲೂ ನೀಲಿ. ಹೀಗೆ ವರ್ಷವೊಂದು ಮಗುಚಿತು. ಪ್ರತಿ ಸಲವೂ ತಂಗಿ ಅಕ್ಕನ ಮುಖ ನೋಡುತ್ತಿದ್ದಳು, ಅಕ್ಕ ತಲೆಯಾಡಿಸುತ್ತಿದ್ದರು, ತಂಗಿ ಉಸಿರು ಬಿಟ್ಟು, "ನೀನೇ ಇಲ್ಲ ಅಂದ್ಮೇಲೆ ಇಲ್ಲ ಬಿಡು" ಎಂದು ಮೆಷಿನ್ನಿನ ಮುಂದೆ ಕೂರುತ್ತಿದ್ದಳು. ತಂಗಿಯ ಗಂಡ ಒಂದೆರಡು ಬಾರಿ ದೊಡ್ಡ ಡಾಕ್ಟರಿಗೆ ತೋರಿಸೋಣವೆಂದಾಗ ಅವಳೇ, ಮನೆಯಲ್ಲೇ ಲ್ಯಾಬ್ ಇಟ್ಟುಕೊಂಡು ಹೊರಗೆ ಯಾಕೆ ಅಲೆಯಬೇಕೆಂದು ಅವರ ಬಾಯಿ ಮುಚ್ಚಿಸಿದ್ದಳಂತೆ.

ಕೊನೆಗೆ ಒಂದು ದಿನ ಮೂತ್ರ ಕೆಂಪಾಗಿ ಹೋದಾಗ ಮೂತ್ರಪಿಂಡದ ತಜ್ಞರ ಬಳಿ ಹೋದರು. ಅಗರಕ್ಕ ಜೊತೆಗಿದ್ದರು. ಆ ವೈದ್ಯರು ಸ್ಕ್ಯಾನನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಹಾಳೆಗಳನ್ನು ಒಂದರ ಪಕ್ಕ ಒಂದು ಜೋಡಿಸಿ, ಮೆತ್ತಗೆ ಕೇಳಿದರು: "ಕೀವು ಇಷ್ಟಿದೆ, ಕಲ್ಚರ್ ಮಾತ್ರ ಪ್ರತಿ ಸಲ ಖಾಲಿ. ಟಿ.ಬಿ.ಗೆ ಹಾಕಿ ನೋಡಿದ್ರಾ?"

ಕ್ಷಯದ ರೋಗಾಣು ಎದೆಗೂಡಿಗೆ ಮಾತ್ರ ಬರುವುದೆಂದು ಜನಸಾಮಾನ್ಯರು ತಿಳಿದಿರಬಹುದು. ಅದು ಮೂತ್ರಪಿಂಡದಲ್ಲೂ ಮನೆ ಮಾಡುತ್ತದೆಯೆಂದು ನಮ್ಮ ವೃತ್ತಿಯವರೆಲ್ಲರೂ ಪರೀಕ್ಷೆಗೆ ಓದಿ ಬರೆದವರೇ. ಆ ಜೀವಿಗೆ ಅಗರಕ್ಕನ ನೀಲಿ ತಟ್ಟೆ ರುಚಿಸುವುದಿಲ್ಲ. ಬೇರೆ ಪರೀಕ್ಷೆಗಳಿಗೆ ಅವರು ಹೊಯ್ಯುತ್ತಿದ್ದ ಗುಲಾಬಿ ತಟ್ಟೆಯೂ ಬೇಡ, ರಕ್ತದ ತಟ್ಟೆಯೂ ಬೇಡ. ಅದಕ್ಕೆ ಕೋಳಿಮೊಟ್ಟೆ ಒಡೆದು, ಹಸಿರು ಬಣ್ಣ ಬೆರೆಸಿ, ಸಣ್ಣ ಬಾಟಲಿಗಳಲ್ಲಿ ಓರೆಯಾಗಿ ಮಲಗಿಸಿ, ಮೆಲ್ಲಗೆ ಬಿಸಿಮಾಡಿ ಗಟ್ಟಿಯಾಗಿಸಿದ ಮೊಟ್ಟೆಯ ಮಾಧ್ಯಮವೇ ಆಗಬೇಕು. ಅದರ ಮೇಲೂ ಒಂದು ರಾತ್ರಿಯಲ್ಲಿ ಬೆಳೆಯುವ ಜೀವವಲ್ಲ, ವಾರಗಟ್ಟಲೆ ಕಾಯಿಸುತ್ತದೆ. ಎದೆರೋಗ ವಿಭಾಗದ ಕಫದ ಪರೀಕ್ಷೆಗಾಗಿ ಆ ಬಾಟಲಿಗಳನ್ನು ತಿಂಗಳು ತಿಂಗಳೂ ತಯಾರಿಸುತ್ತಿದ್ದವರು ಅಗರಕ್ಕನೇ. ತಂಗಿಯ ಮಾದರಿಯನ್ನು ಅವರು ನೀಲಿ ತಟ್ಟೆಗೆ ಹಾಕುತ್ತಿದ್ದ ಅದೇ ಕಟ್ಟೆಯ ಮೇಲೆ ಮೊಟ್ಟೆ ಒಡೆಯುತ್ತಿದ್ದರು.

ತಂಗಿಯ ಬೆಳಗಿನ ಮೂತ್ರ ಈ ಸಲ ಬಾಟಲಿಗೆ ಹೋಯಿತು. ಕೆಲವು ವಾರಗಳ ನಂತರ ಹಸಿರು ಇಳಿಜಾರಿನ ಮೇಲೆ ಬ್ರೆಡ್ಡಿನ ಪುಡಿ ಉದುರಿಸಿದಂತೆ ಒರಟು ಒರಟಾಗಿ ಬೆಳೆದು ನಿಂತಿತು. ಅಷ್ಟು ಸಮೃದ್ಧವಾಗಿ ಬೆಳೆದದ್ದನ್ನು ಅದುವರೆಗೆ ನೋಡಿರಲಿಲ್ಲವೆಂದು ಅಗರಕ್ಕ ಬಹಳ ವರ್ಷಗಳಾದ ಮೇಲೆ ಒಮ್ಮೆ ಹೇಳಿದರು. ಔಷಧ ಶುರುವಾಯಿತು, ರೋಗಾಣು ಸತ್ತಿತು, ಆದರೆ ಅಷ್ಟರಲ್ಲಿ ಒಂದು ಮೂತ್ರಪಿಂಡ ಸುಣ್ಣದ ಗಡ್ಡೆಯಾಗಿತ್ತು, ಇನ್ನೊಂದರ ನಾಳ ಗಾಯ ಮಾಯುತ್ತಾ ಮಾಯುತ್ತಾ ಕಟ್ಟಿಕೊಂಡಿತು. ಡಯಾಲಿಸಿಸ್ ಯಂತ್ರದ ಪಕ್ಕದ ಹಾಸಿಗೆಯಲ್ಲಿ ತಂಗಿ, ಪಕ್ಕದ ಸ್ಟೂಲಿನಲ್ಲಿ ಅಕ್ಕ. ಹಾಗೆಯೇ ಒಂದಷ್ಟು ಕಾಲ ಹೋಯಿತು. ತಂಗಿ ಒಂದೂ ಕಟುನುಡಿ ಆಡಲಿಲ್ಲ. ಆಡಿದ್ದರೆ ಅಗರಕ್ಕನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತೇನೋ. ಒಮ್ಮೆ ಮಾತ್ರ, ಸುಮ್ಮನೆ ಕುತೂಹಲಕ್ಕೆಂಬಂತೆ ಕೇಳಿದಳು.

"ಆ ಮೊಟ್ಟೆ ಬಾಟ್ಲಿ ಎಲ್ಲಿ ಇಟ್ಟಿರ್ತಿದ್ದೆ ಅಕ್ಕಾ?"

"ಪಕ್ಕದ ಕಪಾಟಲ್ಲಿ."

"ಓ," ಎಂದು ತಂಗಿ ಕಣ್ಣು ಮುಚ್ಚಿಕೊಂಡಳು.

ತಂಗಿ ತೀರಿಕೊಂಡ ಮೇಲೆ ಅಗರಕ್ಕ ಕೆಲಸ ಬಿಡುತ್ತಾರೆಂದು ನಾವೆಲ್ಲ ಎಣಿಸಿದ್ದೆವು. ಅವರು ಬಿಡಲಿಲ್ಲ. ಹದ ನೋಡುವಾಗ ಕಣ್ಣು ಮುಚ್ಚುವುದನ್ನು ಬಿಟ್ಟರು, ಬ್ಯಾಕ್ಟೀರಿಯಗಳನ್ನು ನೆಂಟರಂತೆ ಪರಿಚಯಿಸುವುದನ್ನು ಬಿಟ್ಟರು. ಒಂದು ಬೆಳಿಗ್ಗೆ ಆಗಿನ ಮುಖ್ಯಸ್ಥರ ಕೋಣೆಗೆ ಹೋಗಿ, ಇನ್ನು ಮುಂದೆ ಫಲಿತಾಂಶದ ಹಾಳೆಯ ಮೇಲೆ 'ಬೆಳವಣಿಗೆ ಇಲ್ಲ' ಎಂದು ಬರೆಯಬಾರದೆಂದು ಹೇಳಿದರು. 'ಈ ಮಾಧ್ಯಮದಲ್ಲಿ ಬೆಳೆಯಲಿಲ್ಲ. ತೊಂದರೆ ಹೋಗದಿದ್ದರೆ ಬೇರೆ ಮಾಧ್ಯಮದಲ್ಲಿ ನೋಡಬೇಕು' ಎಂದೇ ಬರೆಯಬೇಕು.

"ಎರಡೂ ಒಂದೇ ಅಲ್ವೇನ್ರೀ?" ಎಂದರು ಮುಖ್ಯಸ್ಥರು.

"ಒಂದೇ ಆಗಿದ್ರೆ ನಾನು ಇಲ್ಲಿಗೆ ಬರ್ತಿರ್ಲಿಲ್ಲ ಸರ್."

ಮುಖ್ಯಸ್ಥರು ಒಪ್ಪಲಿಲ್ಲ. ಜನ ಗಾಬರಿಯಾಗುತ್ತಾರೆ, ಡಾಕ್ಟರುಗಳಿಗೆ ಪಾಠ ಹೇಳಿದಂತಾಗುತ್ತದೆ, ಪ್ರಯೋಗಾಲಯದ ಮೇಲೆ ನಂಬಿಕೆ ಹೋಗುತ್ತದೆ ಎಂದರು. ಅಗರಕ್ಕ ವಾದಕ್ಕಿಳಿಯಲಿಲ್ಲ, ದಿನವೂ ಹೋಗಿ ಬಾಗಿಲ ಬಳಿ ನಿಲ್ಲತೊಡಗಿದರು. ಅವರನ್ನು ದಾಟಿಕೊಂಡು ಊಟಕ್ಕೆ ಹೋಗುವುದು ಮುಖ್ಯಸ್ಥರಿಗೆ ಸಾಕುಸಾಕಾಗಿ, ಏನಾದರೂ ಮಾಡಿಕೊಳ್ಳಿ ಎಂದುಬಿಟ್ಟರು. ಅಗರಕ್ಕ ಆ ಸಾಲನ್ನು ರಬ್ಬರ್ ಮುದ್ರೆಯಾಗಿ ಮಾಡಿಸಿ ತಂದರು. ಅಂದಿನಿಂದ ಖಾಲಿ ಬಂದ ಪ್ರತಿ ಪರೀಕ್ಷೆಯ ಹಾಳೆಯ ಮೇಲೂ ನೇರಳೆ ಶಾಯಿಯಲ್ಲಿ ಆ ಮುದ್ರೆಯನ್ನು ತಮ್ಮ ಕೈಯಾರೆ ಒತ್ತುತ್ತಾ ಬಂದರು. ರಜೆಯ ದಿನದ ಹಾಳೆಗಳನ್ನು ಕೂಡ ಮರುದಿನ ಬಂದು ಒತ್ತಿದ ಮೇಲೆಯೇ ಹೊರಗೆ ಬಿಡುತ್ತಿದ್ದರು. ಅವರ ತೋರುಬೆರಳಿನ ತುದಿಗೆ ಹತ್ತಿದ ನೇರಳೆ ಬಣ್ಣ ಯಾವ ಸೋಪಿಗೂ ಜಗ್ಗುತ್ತಿರಲಿಲ್ಲ.

ಆ ಸಾಲಿನಿಂದ ಏನು ಉಪಯೋಗವಾಯಿತು? ಅಭಿನಂದನ ಸಂಪುಟದಲ್ಲಿ ಈ ಪ್ರಶ್ನೆಗೆ ಉದಾರವಾಗಿ ಉತ್ತರಿಸುವುದು ವಾಡಿಕೆ. ನಿಜ ಹೇಳಬೇಕೆಂದರೆ ಹೆಚ್ಚೇನೂ ಆಗಲಿಲ್ಲ. ಅದನ್ನು ಓದಿದವರು ಕಡಿಮೆ. ಡಾಕ್ಟರುಗಳು ಮೇಲಿನ ಸಾಲು ನೋಡಿ ಹಾಳೆ ಮಡಚುತ್ತಿದ್ದರು, ರೋಗಿಗಳು ಕೆಳಗಿನ ಸಹಿ ನೋಡಿ ಮಡಚುತ್ತಿದ್ದರು. ಶಾಲೆಯ ಬಸ್ಸಿನ ಚಾಲಕರೊಬ್ಬರು ಮಾತ್ರ ಆ ಸಾಲಿನ ಮೇಲೆ ಬೆರಳಿಟ್ಟು, ಇದರರ್ಥವೇನೆಂದು ತಮ್ಮ ವೈದ್ಯರನ್ನು ಪಟ್ಟುಹಿಡಿದು ಕೇಳಿದರು. ಅವರ ಮಾದರಿ ಮೊಟ್ಟೆಯ ಬಾಟಲಿಗೆ ಬಂತು, ಬೆಳೆಯಿತು, ಸಮಯಕ್ಕೆ ಸರಿಯಾಗಿ ಔಷಧ ಸಿಕ್ಕಿತು, ಎರಡೂ ಮೂತ್ರಪಿಂಡ ಉಳಿದವು. ಗುಣವಾದ ಮೇಲೆ ಆ ಮನುಷ್ಯ ಹೆಂಡತಿ ಮಕ್ಕಳೊಂದಿಗೆ ಬಂದು ಅಗರಕ್ಕನ ಮುಂದೆ ನಿಂತು ಕಣ್ಣೊರೆಸಿಕೊಂಡರು. ಅಗರಕ್ಕ ಆ ಮಕ್ಕಳ ತಲೆ ಸವರಿ, ಬಾಗಿಲವರೆಗೆ ಕಳಿಸಿ ಬಂದು, ಕಟ್ಟೆಗೆ ಬೆನ್ನು ಮಾಡಿ ನಿಂತು ಹೇಳಿದರು: "ಇವರದ್ದು ಮೊದಲು ಬರಬೇಕಿತ್ತು. ಅವಳದ್ದು ಆಮೇಲೆ ಬರಬೇಕಿತ್ತು."

ಕಾಲ ಬದಲಾಯಿತು, ಬದಲಾಗಲೇಬೇಕು. ತಟ್ಟೆಗಳು ಕಾರ್ಖಾನೆಯಿಂದ ಪೆಟ್ಟಿಗೆ ಪೆಟ್ಟಿಗೆಯಾಗಿ ಬರತೊಡಗಿದವು. ಒಂದೊಂದು ಬ್ಯಾಕ್ಟೀರಿಯಕ್ಕೆ ಒಂದೊಂದು ಬಣ್ಣ ಕೊಡುವ ಹೊಸ ತಟ್ಟೆಗಳಂತೂ ಅಗರಕ್ಕನಿಗೂ ಮೆಚ್ಚುಗೆಯಾದವು. ಹಳೆಯ ಕುಕ್ಕರನ್ನು ಗುಜರಿಯವರು ಎಳೆದುಕೊಂಡು ಹೋದರು. ಮೀಡಿಯಾ ಕೋಣೆಗೆ ಟೈಲ್ಸ್ ಹಾಕಿ ಕಡತಗಳನ್ನು ತುಂಬಿದರು. ಇದ್ಯಾವುದಕ್ಕೂ ಅಗರಕ್ಕ ಚಕಾರವೆತ್ತಲಿಲ್ಲ. ಆದರೆ ಅವರ ನಿವೃತ್ತಿಗೆ ಸ್ವಲ್ಪ ಮೊದಲು ಫಲಿತಾಂಶಗಳೆಲ್ಲ ಕಂಪ್ಯೂಟರಿನಿಂದಲೇ ನೇರವಾಗಿ ರೋಗಿಯ ಫೋನಿಗೆ ಹೋಗುವ ವ್ಯವಸ್ಥೆ ಬಂತು. ಒತ್ತಲು ಹಾಳೆಯೇ ಇಲ್ಲದ ಮೇಲೆ ಮುದ್ರೆ ಎಲ್ಲಿ ಒತ್ತುವುದು? ಅಗರಕ್ಕ ಕಂಪ್ಯೂಟರ್ ಕೂರಿಸಲು ಬಂದಿದ್ದ ತಂತ್ರಜ್ಞನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು.

"ಆ ಜಾಗದಲ್ಲಿ ಎರಡೇ ಆಯ್ಕೆ ಮೇಡಂ. ಪಾಸಿಟಿವ್, ನೆಗೆಟಿವ್."

"ಇನ್ನೊಂದು ಸೇರ್ಸೋಕೆ ಆಗಲ್ವಾ?"

"ಇನ್ನೊಂದು ಅಂದ್ರೆ ಏನು ಮೇಡಂ? ಇದೆ, ಇಲ್ಲ. ಮೂರನೇದು ಏನಿರುತ್ತೆ?"

ಅಗರಕ್ಕ ಮುದ್ರೆಯನ್ನು ತಂದು ಅವನ ಮುಂದಿದ್ದ ಕಾಗದದ ಮೇಲೆ ಒತ್ತಿ ತೋರಿಸಿದರು. ಕಂಪನಿಗೆ ಬರೆಯುತ್ತೇನೆಂದು ಅವನು ಸೌಜನ್ಯದಿಂದ ಹೇಳಿ ಹೋದ. ಈಗಿನ ಮುಖ್ಯಸ್ಥರು ಸಜ್ಜನರು, ಅಗರಕ್ಕನ ಮೇಲೆ ಗೌರವವುಳ್ಳವರು. ಅವರೂ ನೋಡೋಣ ಎಂದರು. ಬೀಳ್ಕೊಡುಗೆಯ ದಿನ, ಮೈಕಿನ ಮುಂದೆ ಎರಡು ಮಾತಾಡಿ ಎಂದಾಗ ಅಗರಕ್ಕ ಆಡಿದ್ದು ನಿಜಕ್ಕೂ ಎರಡೇ ಮಾತು. ತಮಗೆ ಉಡುಗೊರೆ ಏನೂ ಬೇಡ, ಆ ಒಂದು ಸಾಲು ಮಾತ್ರ ಉಳಿಸಿಕೊಳ್ಳಿ ಎಂದರು. ಸಭೆ ಬಹಳ ಹೊತ್ತು ಚಪ್ಪಾಳೆ ತಟ್ಟಿತು. ಅವರು ಮಾಧ್ಯಮದ ಮೇಲಿನ ಪ್ರೀತಿಯಿಂದ ಹೇಳಿದರೆಂದು ಬಹುಮಂದಿ ತಿಳಿದರು. ಉಡುಗೊರೆಯಾಗಿ ಗೋಡೆ ಗಡಿಯಾರ ಕೊಟ್ಟೆವು. ಕಂಪನಿಯಿಂದ ಇಂದಿಗೂ ಉತ್ತರ ಬಂದಿಲ್ಲ.

ನಿವೃತ್ತಿಯ ಮರುದಿನವೇ ಅವರು ಬಂದರು. ಒಳಗೆ ಬರಲಿಲ್ಲ; ಮಾದರಿ ಕೊಡುವ ಕೌಂಟರಿನ ಎದುರಿನ ಬೆಂಚಿನ ಮೇಲೆ, ಕಾಯುವವರ ನಡುವೆ ಕೂತರು. ಯಾರಾದರೂ ಫೋನು ನೋಡಿ ಮುಖವರಳಿಸಿದರೆ ಪಕ್ಕಕ್ಕೆ ಸರಿದು, "ಏನು ಬಂತಮ್ಮಾ?" ಎಂದು ಕೇಳುತ್ತಾರೆ. ನೆಗೆಟಿವ್ ಎಂದರೆ, "ಉರಿ ಹೋಗಿದೆಯಾ?" ಎನ್ನುತ್ತಾರೆ. ಹೋಗಿಲ್ಲವೆಂದರೆ, "ಇವರು ಹಾಕಿದ ಊಟ ಅದಕ್ಕೆ ಹಿಡಿಸ್ಲಿಲ್ಲ ಅಂತ ಅಷ್ಟೇ ಇದರರ್ಥ. ಇಲ್ಲ ಅಂತ ಅಲ್ಲ. ಡಾಕ್ಟ್ರ ಹತ್ರ ಮತ್ತೆ ಕೇಳಿ" ಎನ್ನುತ್ತಾರೆ. ಕೆಲವರು ಕೇಳಿಸಿಕೊಳ್ಳುತ್ತಾರೆ. ಕೆಲವರು ತಲೆ ಕೆಟ್ಟ ಮುದುಕಿಯೆಂದು ಎದ್ದು ಬೇರೆ ಕಡೆ ಕೂರುತ್ತಾರೆ. ಸಣ್ಣ ಸೋಂಕಿಗೆ ಬಂದಿದ್ದ ಗರ್ಭಿಣಿಯೊಬ್ಬಳು ಹೆದರಿ ಅತ್ತು, ಆಕೆಯ ಗಂಡ ಕೌಂಟರಿನವರ ಮೇಲೆ ಕೂಗಾಡಿದ. ದೂರುಗಳು ಬಂದವು. ಮುಖ್ಯಸ್ಥರು ಅಸಹಾಯಕರು; ಅವರನ್ನು ದೂಷಿಸಲು ಈ ಲೇಖನ ಬರೆದದ್ದಲ್ಲ. ಅಗರಕ್ಕನ ಆರೋಗ್ಯದ ದೃಷ್ಟಿಯಿಂದ ಅವರು ಮನೆಯಲ್ಲೇ ವಿಶ್ರಾಂತಿ ಪಡೆಯುವುದು ಒಳಿತೆಂದು ಸಭೆ ತೀರ್ಮಾನಿಸಿತು. ಈ ಸಂಪುಟವನ್ನು ಕೂಡ ಆಸ್ಪತ್ರೆಯಲ್ಲಿ ಸಮಾರಂಭ ಮಾಡಿ ಕೊಡದೆ, ಅವರ ಮನೆಗೇ ತಲುಪಿಸುವುದೆಂದು ನಿರ್ಧಾರವಾಗಿದೆ. ಅದನ್ನು ತಿಳಿಸಲು ಹೋದವರಿಗೆ ಮನೆಯ ಬಾಗಿಲಿಗೆ ಬೀಗ ಕಂಡಿತು, ಏಕೆಂದರೆ ಅವರು ಇಲ್ಲಿದ್ದರು.

ಕಳೆದ ವಾರ ಕೌಂಟರಿನ ಎದುರಿನ ಬೆಂಚನ್ನು ತೆಗೆಸಲಾಯಿತು. ಬಣ್ಣ ಬಳಿಯಲು ಎಂದು ಕಾವಲುಗಾರನಿಗೆ ಹೇಳಲು ಹೇಳಿದ್ದರು, ಅವನು ಹಾಗೇ ಹೇಳಿದ. ಅಗರಕ್ಕ ಸರಿಯಪ್ಪಾ ಎಂದು ಎದ್ದು, ಚೀಲವನ್ನು ಹೆಗಲಿಗೆ ಹಾಕಿಕೊಂಡು, ಗೋಡೆಗೆ ಒರಗಿ ನಿಂತರು. ಇಂದು ಬೆಳಿಗ್ಗೆಯೂ ನಿಂತಿದ್ದಾರೆ. ಹಿರಿಯರಿಗೆ ಇಂಥ ಸಂದರ್ಭದಲ್ಲಿ ನೆಮ್ಮದಿಯ ವಿಶ್ರಾಂತ ಜೀವನವನ್ನು ಹಾರೈಸಬೇಕು. ಅಗರಕ್ಕನಿಗೆ ಅದು ಸಿಗುವುದಿಲ್ಲವೆಂದು ಗೊತ್ತಿದ್ದೂ ಹಾರೈಸುವುದು ಅವರಿಗೆ ಮಾಡುವ ಅವಮಾನ. ಅವರ ಆಯುಸ್ಸು ದೀರ್ಘವಾಗಲಿ, ಕೆಲಸ ಮುಂದುವರಿಯಲಿ, ದಿನವಿಡೀ ನಿಲ್ಲುವಷ್ಟು ಬಲವನ್ನು ಅವರ ಕಾಲುಗಳು ಉಳಿಸಿಕೊಳ್ಳಲಿ.